ಗಾಜಿನೊಳಗಣ ಗಾಳಿ

ತರ್ಕವನ್ನು ಓದಲು ಕುಳಿತ ವಿದ್ಯಾರ್ಥಿಗೆ ಮೊದಮೊದಲು ಎದುರಾಗುವುದು ಒಂದು ಮಣ್ಣಿನ ಗಡಿಗೆ. ಆ ಗಡಿಗೆಗೆ ಕಾರಣವಾವುದು? ಮಣ್ಣು ಒಂದು ಬಗೆಯ ಕಾರಣ. ಕುಂಬಾರನೂ ಅವನ ದಂಡಚಕ್ರಗಳೂ ಮತ್ತೊಂದು ಬಗೆಯ ಕಾರಣ. ಇಷ್ಟು ಹೇಳಿದಮೇಲೆ ಶಾಸ್ತ್ರಕಾರರು ಒಂದು ಕತ್ತೆಯನ್ನು ತಂದು ನಿಲ್ಲಿಸುತ್ತಾರೆ. ಮಣ್ಣನ್ನು ಹೊತ್ತು ತಂದದ್ದು ಆ ಕತ್ತೆಯೇ ಸರಿ. ಆದರೂ ಅದು ಗಡಿಗೆಗೆ ಕಾರಣವಲ್ಲ, 'ಅನ್ಯಥಾಸಿದ್ಧ'. ಎಂದರೆ, ಅದು ಅಲ್ಲಿದ್ದುದು ನಿಜ; ಆದರೆ ಅದಿಲ್ಲದಿದ್ದರೂ ಗಡಿಗೆ ಆಗುತ್ತಲೇ ಇದ್ದಿತು, ಮಣ್ಣನ್ನು ಮತ್ತಾರಾದರೂ ಹೊರಬಹುದಾಗಿತ್ತು. ಪಾಠಶಾಲೆಯ ಹುಡುಗರಿಗೆ ಈ ಕತ್ತೆಯ ವಿಷಯದಲ್ಲಿ ಯಾವಾಗಲೂ ಸ್ವಲ್ಪ ಮರುಕ. ಅಷ್ಟು ದೂರ ಹೊತ್ತದ್ದಕ್ಕೆ ಇದೇ ಏನು ಫಲ ಎಂದು ಅವರು ಕೇಳುವುದುಂಟು. ಉಪಾಧ್ಯಾಯರು ನಕ್ಕು ಮುಂದಿನ ಪಂಕ್ತಿಗೆ ಹೋಗುತ್ತಾರೆ.

ಸ್ವೀಡನ್ ದೇಶದಲ್ಲಿ ಕಳೆದ ಶತಮಾನದ ನಡುಗಾಲದಲ್ಲಿ ಮಾಡಿದ ಗಾಜಿನ ಕಲಾಪಾತ್ರೆಗಳನ್ನು ನೋಡುವವರಿಗೆ ಈ ಹಳೆಯ ಪ್ರಶ್ನೆ ಹೊಸದಾಗಿ ಹುಟ್ಟುತ್ತದೆ. ಇಂಥ ಪಾತ್ರೆಗಳನ್ನು ಕೂಡಿಹಾಕುವ ಹವ್ಯಾಸ ಪಶ್ಚಿಮ ದೇಶಗಳಲ್ಲಿ ಬಹಳ ಬೆಳೆದಿದೆ. ಸಂಗ್ರಾಹಕನು ಹೂದಾನಿಯೊಂದನ್ನು ಕೈಗೆತ್ತಿಕೊಂಡರೆ ಮೊದಲು ನೋಡುವುದು ಅದರ ಮುಖವನ್ನಲ್ಲ, ಬುಡವನ್ನು. ತಲೆಕೆಳಗು ಮಾಡಿ, ಬೆಳಕಿಗೆ ಓರೆಯಾಗಿ ಹಿಡಿದು, ಅಲ್ಲಿ ಸೂಜಿಯ ಮೊನೆಯಷ್ಟು ಸಣ್ಣಗೆ ಗೀರಿದ ಅಕ್ಷರಗಳನ್ನು ಓದುತ್ತಾನೆ. ಅವು ಕಾರ್ಖಾನೆಯ ಹೆಸರು, ಕಲಾವಿದನ ಹೆಸರು, ಒಂದು ಸಂಖ್ಯೆ. ಕೋಸ್ತಾ ಕಾರ್ಖಾನೆಯ ಪಾತ್ರೆಯಾದರೆ 'ಎಲ್ ಎಚ್' ಎಂಬ ಎರಡಕ್ಷರ ಇರಬಹುದು. 'ಎಲ್' ಎಂದರೆ ಲಿಂಡ್‌ಸ್ಟ್ರಾಂಡ್, 'ಎಚ್' ಎಂದರೆ ಹ್ಯುತ್ತಾ, ಅಂದರೆ ಕುಲುಮೆಯ ಮನೆ. ಅಕ್ಷರಗಳು ಸಿಕ್ಕರೆ ಬೆಲೆ ಏರುತ್ತದೆ. ಸಿಗದಿದ್ದರೆ ಅದೇ ಪಾತ್ರೆ ಅನಾಥವಾಗುತ್ತದೆ. ಆ ಪಾತ್ರೆಯನ್ನು ನಿಜವಾಗಿ ಊದಿದವನ ಹೆಸರು ಮಾತ್ರ ಬಹುಮಟ್ಟಿಗೆ ಅಲ್ಲಿರುವುದಿಲ್ಲ. ಊದಿದವನೂ ಅನ್ಯಥಾಸಿದ್ಧನೋ?

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಊರನ್ನೂ ಕೆಲಸವನ್ನೂ ಸ್ವಲ್ಪ ನೋಡಬೇಕು.

ಸ್ವೀಡನ್ನಿನ ದಕ್ಷಿಣದಲ್ಲಿ ಸ್ಮೋಲಂಡ್ ಎಂಬ ಸೀಮೆಯಿದೆ. ಅಲ್ಲಿ ಕಲ್ಲು ಹೆಚ್ಚು, ಮಣ್ಣು ಕಡಮೆ. ಉಳುವವನು ಹೊಲದಿಂದ ಆಯ್ದ ಕಲ್ಲನ್ನೇ ಸುತ್ತ ಬೇಲಿಯಾಗಿ ಒಟ್ಟಿದನು. ಒಟ್ಟಿ ಒಟ್ಟಿ ಬೇಸತ್ತವರು ಹತ್ತೊಂಬತ್ತನೆಯ ಶತಮಾನದಲ್ಲಿ ಗುಂಪುಗುಂಪಾಗಿ ಹಡಗು ಹತ್ತಿ ಅಮೆರಿಕೆಗೆ ಹೋದರು. ಆದರೆ ಆ ಸೀಮೆಯಲ್ಲಿ ಕಾಡಿಗೆ ಬರವಿರಲಿಲ್ಲ. ಗಾಜಿನ ಕುಲುಮೆಗೆ ಮೊದಲು ಬೇಕಾದುದು ಮರಳಿಗಿಂತಲೂ ಸೌದೆ. ೧೭೪೨ರಲ್ಲಿ ಇಬ್ಬರು ಸೇನಾನಿಗಳು ಈ ಕಾಡಿನ ನಡುವೆ ಒಂದು ಗಾಜಿನ ಕಾರ್ಖಾನೆಯನ್ನು ತೆರೆದರು. ಒಬ್ಬನ ಹೆಸರು ಕೋಸ್‌ಕುಲ್, ಮತ್ತೊಬ್ಬನದು ಸ್ತಾಎಲ್ ಫಾನ್ ಹೋಲ್‌ಸ್ಟೈನ್. ಇಬ್ಬರ ಹೆಸರಿನ ಮೊದಲ ತುಣುಕುಗಳನ್ನು ಜೋಡಿಸಿ ಊರಿಗೆ ಕೋಸ್ತಾ ಎಂದು ಹೆಸರಿಟ್ಟರು. ಊದುವ ವಿದ್ಯೆ ಆ ಸೀಮೆಯವರಿಗೆ ಬರುತ್ತಿರಲಿಲ್ಲವಾದುದರಿಂದ ಬೊಹೀಮಿಯದಿಂದ ಕೆಲಸಗಾರರನ್ನು ಕರೆಸಬೇಕಾಯಿತು. ದುಡ್ಡು ಹಾಕಿದವರ ಹೆಸರು ಊರಾಗಿ ನಿಂತಿತು. ಬೊಹೀಮಿಯದಿಂದ ಬಂದವರ ಪಾಲಿಗೆ ಹೆಸರಿನ ಒಂದಕ್ಷರವೂ ಬರಲಿಲ್ಲ. ಕತ್ತೆಯ ಕಥೆ ಅಲ್ಲಿ ಆಗಲೇ ಮೊದಲಾಗಿತ್ತೆನ್ನಬೇಕು.

ಕುಲುಮೆಯಿರುವ ಆ ದೊಡ್ಡ ಕೊಟ್ಟಿಗೆಯಂಥ ಮನೆಯನ್ನು ಅಲ್ಲಿಯವರು ಹ್ಯುತ್ತಾ ಎನ್ನುತ್ತಾರೆ. ಹಗಲೆಲ್ಲ ಅಲ್ಲಿ ಗಾಜಿನ ಕೆಲಸ. ಸಂಜೆ ಕೆಲಸ ಮುಗಿದಮೇಲೂ ಕುಲುಮೆ ಆರುವುದಿಲ್ಲ. ಆರಿಸಿದರೆ ಮೂಸೆಗಳು ಒಡೆಯುತ್ತವೆ. ಹೊರಗೆ ಹಿಮ ಬೀಳುತ್ತಿರುವ ದೇಶದಲ್ಲಿ ರಾತ್ರಿಯಿಡೀ ಬೆಚ್ಚಗಿರುವ ಮನೆಯೆಂದರೆ ಸಾಮಾನ್ಯವೆ? ಊರಿನವರು ಬಂದು ಕೂಡುತ್ತಿದ್ದರು. ಮನೆಮಠವಿಲ್ಲದೆ ಅಲೆಯುವ ಬಡವರೂ ಬಂದು ಕುಲುಮೆಯ ಬಳಿ ಮಲಗುತ್ತಿದ್ದರು. ಗಾಜನ್ನು ಆರಿಸುವ ಗೂಡಿನ ಕಾವಿನಲ್ಲಿ ಉಪ್ಪುಮೀನನ್ನೂ ಆಲೂಗಡ್ಡೆಯನ್ನೂ ಬೇಯಿಸಿ ಹಂಚಿಕೊಂಡು ತಿನ್ನುತ್ತಿದ್ದರು. ಅದಕ್ಕೆ ಹ್ಯುತ್ಸಿಲ್, ಎಂದರೆ ಕುಲುಮೆಮನೆಯ ಮೀನೂಟ, ಎಂದೇ ಹೆಸರು. ಅಲೆಮಾರಿಯು ಆ ರಾತ್ರಿಯ ಬಾಡಿಗೆಯನ್ನು ಕಥೆ ಹೇಳಿ ತೀರಿಸುತ್ತಿದ್ದನು, ಇಲ್ಲವೆ ಹಾಡಿ ತೀರಿಸುತ್ತಿದ್ದನು. ನಮ್ಮ ಊರುಗಳಲ್ಲಿ ದೇವಸ್ಥಾನದ ಜಗಲಿಯೂ ಆಲೆಮನೆಯೂ ಸೇರಿ ಮಾಡುವ ಉಪಕಾರವನ್ನು ಅಲ್ಲಿ ಒಂದೇ ಕುಲುಮೆ ಮಾಡುತ್ತಿದ್ದಿತು. ಈ ಮನೆಯ ಗಾಳಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸ್ತಾಪ ಬರುತ್ತದೆ.

ಇನ್ನು ಕೆಲಸದ ಕ್ರಮ. ಮೂಸೆಯಲ್ಲಿ ಜೇನಿನಂತೆ ಕರಗಿ ನಿಂತ ಪಾಕದೊಳಕ್ಕೆ ಉದ್ದವಾದ ಕಬ್ಬಿಣದ ಊದುಗೊಳವೆಯನ್ನು ಅದ್ದಿ ತಿರುವಿದರೆ ತುದಿಗೆ ಒಂದು ಉಂಡೆ ಸುತ್ತಿಕೊಳ್ಳುತ್ತದೆ. ಇದು ಒಬ್ಬನ ಕೆಲಸ. ಮೊದಲ ಉಸಿರನ್ನು ಊದಿ ಅದರ ಹೊಟ್ಟೆಯಲ್ಲಿ ಸಣ್ಣ ಟೊಳ್ಳು ಮಾಡುವುದು ಮತ್ತೊಬ್ಬನ ಕೆಲಸ. ಎರಡು ಕಡೆಗೂ ಉದ್ದವಾದ ತೋಳುಗಳುಳ್ಳ ಬೆಂಚಿನ ಮೇಲೆ ಮುಖ್ಯ ಕುಶಲಿ ಕುಳಿತಿರುತ್ತಾನೆ. ಅವನ ಎಡಗೈ ಗೊಳವೆಯನ್ನು ಆ ತೋಳುಗಳ ಮೇಲೆ ಬಿಡದೆ ಉರುಳಿಸುತ್ತಿರಬೇಕು. ಒಂದು ಗಳಿಗೆ ನಿಂತರೆ ಗಾಜು ತನ್ನ ಭಾರಕ್ಕೆ ತಾನೇ ಕುಸಿದು ಜೋತುಬೀಳುತ್ತದೆ. ಬಲಗೈಯಲ್ಲಿ ನೀರಿನಲ್ಲಿ ನೆನೆದ ಮರದ ಸೌಟು, ಇಕ್ಕುಳ, ಅಥವಾ ಒದ್ದೆ ಮಾಡಿ ಮಡಿಸಿದ ಹಳೆಯ ವೃತ್ತಪತ್ರಿಕೆಯ ಹೊರೆ. ಅಂಗೈಗೂ ಸಾವಿರ ಡಿಗ್ರಿಯ ಬೆಂಕಿಗೂ ನಡುವೆ ನಿನ್ನೆಯ ಸಮಾಚಾರವಷ್ಟೇ ಅಡ್ಡ! ಒಬ್ಬನು ಊದುತ್ತಾನೆ, ಒಬ್ಬನು ಬಾಗಿಲು ತೆರೆದು ಮತ್ತೆ ಕಾಯಿಸಿ ತರುತ್ತಾನೆ, ಹುಡುಗನೊಬ್ಬನು ಮುಗಿದ ಪಾತ್ರೆಯನ್ನು ಆರಿಸುವ ಗೂಡಿಗೆ ಒಯ್ಯುತ್ತಾನೆ. ಮಾತು ಕಡಮೆ. ತಿದ್ದುವುದಕ್ಕೆ ಅವಕಾಶವಿಲ್ಲ. ಕವಿಯು ಪದವನ್ನು ಹೊಡೆದುಹಾಕಿ ಬೇರೆ ಬರೆಯಬಹುದು; ಶಿಲ್ಪಿಯು ಉಳಿಯನ್ನು ಕೆಳಗಿಟ್ಟು ನಾಳೆ ನೋಡೋಣವೆನ್ನಬಹುದು; ಗಾಜಿನವನಿಗೆ ನಾಳೆಯಿಲ್ಲ.

ಹೀಗೆ ತಲೆಮಾರುಗಳಿಂದ ನಡೆದುಬಂದ ಮನೆಯೊಳಕ್ಕೆ ಚಿತ್ರಗಾರನು ಬಂದುದು ತೀರ ಈಚೆಗೆ. ಕೋಸ್ತಾಕ್ಕೆ ಬಹು ದೂರವಲ್ಲದ ಒರ್ರೆಫೋರ್ಸ್ ಎಂಬಲ್ಲಿ ೧೭೨೬ರಿಂದ ಕಬ್ಬಿಣದ ಕೆಲಸವಿದ್ದು, ೧೮೯೮ರಲ್ಲಿ ಗಾಜಿನ ಕೆಲಸ ಆರಂಭವಾಯಿತು. ೧೯೧೩ರಲ್ಲಿ ಯೋಹಾನ್ ಏಕ್‌ಮನ್ ಎಂಬ ಗೋಥೆನ್‌ಬರ್ಗ್ ನಗರದ ಧನಿಕರು ಆ ಆಸ್ತಿಯನ್ನು ಕೊಂಡರು. ಅವರ ಕಣ್ಣು ಮುಖ್ಯವಾಗಿ ಅದಕ್ಕೆ ಸೇರಿದ ಕಾಡಿನ ಮೇಲಿತ್ತೆಂದು ಹೇಳುತ್ತಾರೆ. ಗಾಜು ಕಾಡಿನ ಜೊತೆಗೆ ಬಂದ ಬಳುವಳಿ. ಆದರೂ ಬಂದುದನ್ನು ಚೆನ್ನಾಗಿ ನಡಸಬೇಕೆಂಬ ಬುದ್ಧಿ ಅವರಿಗಿತ್ತು. ೧೯೧೬ರಲ್ಲಿ ಸೀಮೋನ್ ಗಾಟೆ, ೧೯೧೭ರಲ್ಲಿ ಎಡ್ವರ್ಡ್ ಹಾಲ್ಡ್ ಎಂಬ ಇಬ್ಬರು ಚಿತ್ರಗಾರರು ಅಲ್ಲಿ ಕೆಲಸಕ್ಕೆ ಸೇರಿದರು. ಹಾಲ್ಡ್ ಪ್ಯಾರಿಸ್ಸಿನಲ್ಲಿ ಮತೀಸ್ ಎಂಬ ಪ್ರಸಿದ್ಧ ಚಿತ್ರಕಾರರ ಶಿಷ್ಯರಾಗಿದ್ದವರು. ಇಬ್ಬರಿಗೂ ಗಾಜಿನ ಕೆಲಸ ಹೊಸದು. ಗಾಜಿನ ಕೆಲಸ ತಿಳಿದಿದ್ದವನು ಕ್ನುಟ್ ಬೆರ್ಗ್‌ಕ್ವಿಸ್ಟ್ ಎಂಬ ಊದುಗಾರ. ೧೯೧೬ರಲ್ಲಿ ಗಾಟೆಯ ಚಿತ್ರವೂ ಬೆರ್ಗ್‌ಕ್ವಿಸ್ಟನ ಉಸಿರೂ ಸೇರಿ 'ಗ್ರಾಲ್' ಎಂಬ ಹೊಸ ಬಗೆ ಹುಟ್ಟಿತು. ಬಣ್ಣದ ಪದರವಿರುವ ಸಣ್ಣ ಗಾಜಿನ ಬುಡ್ಡಿಯ ಮೇಲೆ ಚಿತ್ರವನ್ನು ಕೊರೆದು, ಅದನ್ನು ಮರಳಿ ಕಾಯಿಸಿ, ಮೇಲೆ ತಿಳಿಗಾಜನ್ನು ಹೊದಿಸಿ, ದೊಡ್ಡದಾಗುವಂತೆ ಊದುವುದು ಇದರ ಕ್ರಮ. ಕೊರೆದ ಅಂಚುಗಳು ಬೆಂಕಿಯಲ್ಲಿ ಮೆದುವಾಗಿ, ಚಿತ್ರವು ನೀರಿನಲ್ಲಿ ಕಂಡಂತೆ ಗಾಜಿನ ಒಳಗೆ ತೇಲುತ್ತದೆ. ಆ ಮೊದಮೊದಲಿನ ಕೆಲವು ಪಾತ್ರೆಗಳ ಬುಡದಲ್ಲಿ ಗಾಟೆಯ ಅಕ್ಷರಗಳ ಪಕ್ಕದಲ್ಲಿ ಬೆರ್ಗ್‌ಕ್ವಿಸ್ಟನ ಅಕ್ಷರಗಳನ್ನೂ ಗೀರಿದ್ದಾರೆ. ಆ ನ್ಯಾಯಬುದ್ಧಿಯನ್ನು ಮೆಚ್ಚಬೇಕು. ಅದು ಮುಂದೆ ವಾಡಿಕೆಯಾಗಿ ಉಳಿಯಲಿಲ್ಲ.

ಗ್ರೆಗೋರ್ ಪೌಲ್ಸನ್ ಎಂಬ ವಿಮರ್ಶಕರು ೧೯೧೯ರಲ್ಲಿ ಮನೆಮನೆಯ ನಿತ್ಯದ ಸಾಮಾನೂ ಸುಂದರವಾಗಿರಬೇಕೆಂದು ಪುಸ್ತಕ ಬರೆದರು; ೧೯೨೫ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಒರ್ರೆಫೋರ್ಸಿಗೆ ದೊಡ್ಡ ಬಹುಮಾನ ಬಂದಿತು. ಈ ಕೀರ್ತಿಯ ಬಿಸಿಲಿನಲ್ಲಿ, ೧೯೨೮ರಲ್ಲಿ, ವಿಕೆ ಲಿಂಡ್‌ಸ್ಟ್ರಾಂಡ್ ಎಂಬ ಇಪ್ಪತ್ತನಾಲ್ಕು ವರ್ಷದ ತರುಣನು ಬಂದು ಸೇರಿದನು.

ಲಿಂಡ್‌ಸ್ಟ್ರಾಂಡ್ ಹುಟ್ಟಿದ್ದು ೧೯೦೪ರಲ್ಲಿ, ಗೋಥೆನ್‌ಬರ್ಗ್‌ನಲ್ಲಿ. ಕಲಿತದ್ದು ವ್ಯಾಪಾರಕ್ಕೆ ಬೇಕಾದ ಚಿತ್ರಕಲೆ. ಬಂದ ಎರಡೇ ವರ್ಷದಲ್ಲಿ, ೧೯೩೦ರ ಸ್ಟಾಕ್‌ಹೋಮ್ ಪ್ರದರ್ಶನದಲ್ಲಿ, ಅವನ ಪಾತ್ರೆಗಳನ್ನು ಜನ ಗುರುತಿಸಿದರು. ಸ್ವಲ್ಪ ಕಾಲದಮೇಲೆ ಅವನು ಕಲ್ಪಿಸಿದ 'ಮುತ್ತು ತೆಗೆಯುವವನು' ಎಂಬ ಹೂದಾನಿಯ ಯುಕ್ತಿಯನ್ನು ನೋಡಬೇಕು. ದಪ್ಪನೆಯ ತಿಳಿಗಾಜಿನಲ್ಲಿ ಮುಳುಗುಗಾರನ ಬತ್ತಲೆ ಮೈಯನ್ನು ಕೊರೆದಿದೆ. ಕಡಲನ್ನು ಎಲ್ಲಿಯೂ ಬರೆದಿಲ್ಲ. ಗಾಜೇ ಕಡಲು. ಅದರ ದಪ್ಪವೇ ಆಳ. ಹೇಳಬೇಕಾದುದನ್ನು ಹೇಳದೆ ತೋರಿಸುವುದನ್ನು ನಮ್ಮ ಆಲಂಕಾರಿಕರು ಧ್ವನಿಯೆಂದರು. ಗಾಜಿನಲ್ಲಿ ಧ್ವನಿಯನ್ನು ಕಂಡವನು ಈ ತರುಣ. ಕೊರೆದವನ ಕೈ ಮಾತ್ರ ಇಲ್ಲಿಯೂ ಬೇರೆಯವನದೇ.

೧೯೩೬-೩೭ರ ಸುಮಾರಿಗೆ ಅದೇ ಕಾರ್ಖಾನೆಯಲ್ಲಿ ಮತ್ತೊಂದು ಬಗೆ ಹೊರಬಿದ್ದಿತು. ಅದರ ಹುಟ್ಟಿನಲ್ಲಿ ಮೂವರು ಕೂಡಿದ್ದರು: ಲಿಂಡ್‌ಸ್ಟ್ರಾಂಡ್, ಎಡ್ವಿನ್ ಓರ್‌ಸ್ಟ್ರಮ್ ಎಂಬ ಶಿಲ್ಪಿ, ಗುಸ್ಟಾಫ್ ಬೆರ್ಗ್‌ಕ್ವಿಸ್ಟ್ ಎಂಬ ಊದುಗಾರ. ಇದರಲ್ಲಿ ಬುಡ್ಡಿಯ ಮೇಲೆ ಚಿತ್ರವನ್ನು ಮೇಲುಮೇಲಕ್ಕೆ ಕೊರೆಯುವುದಿಲ್ಲ. ಮರಳನ್ನು ರಭಸದಿಂದ ಊದಿ ಆಳವಾದ ಕಾಲುವೆಗಳನ್ನೇ ತೋಡುತ್ತಾರೆ. ಅನಂತರ ಬುಡ್ಡಿಯನ್ನು ಕಾಯಿಸಿ ಅದರ ಮೇಲೆ ಕರಗಿದ ಗಾಜನ್ನು ಹೊದಿಸಿದರೆ ಕಾಲುವೆಗಳಲ್ಲಿದ್ದ ಗಾಳಿ ಸೆರೆಯಾಗುತ್ತದೆ. ಆ ಗಾಳಿಯೇ ಚಿತ್ರ. ಬೆಳ್ಳಿಯ ಹಾಗೆ ಹೊಳೆಯುವ ಮುಖಗಳು, ಮೀನುಗಳು, ಹೆಂಗಸರು. ಮುಟ್ಟಲು ಹೋದರೆ ಏನೂ ಇಲ್ಲ. ಸಾಮಾನ್ಯ ಗಾಜಿನಲ್ಲಿ ಗುಳ್ಳೆ ಕಂಡರೆ ಅದು ದೋಷ. ಅಂಥ ಪಾತ್ರೆಯನ್ನು ಬೇರೆ ತೆಗೆದಿಟ್ಟು ಕಡಮೆ ಬೆಲೆಗೆ ಮಾರುತ್ತಾರೆ. ಕಾವ್ಯದಲ್ಲಿ ಕೆಲವು ದೋಷಗಳು ಸ್ಥಾನವಿಶೇಷದಿಂದ ಗುಣವಾಗುವುವೆಂದು ಲಾಕ್ಷಣಿಕರು ಹೇಳಿದ್ದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಕ್ಕುವುದು ಕಷ್ಟ.

ಈ ಬಗೆಗೆ ಅವರಿಟ್ಟ ಹೆಸರು 'ಏರಿಯಲ್'. ಶೇಕ್ಸ್‌ಪಿಯರ್ ಮಹಾಕವಿಯ 'ಟೆಂಪೆಸ್ಟ್' ನಾಟಕದಲ್ಲಿ ಬರುವ ಗಾಳಿಯ ಗಂಧರ್ವನ ಹೆಸರು ಅದು. ಆ ನಾಟಕವನ್ನು ಕುವೆಂಪು ಅವರು 'ಬಿರುಗಾಳಿ' ಎಂದು ಕನ್ನಡಕ್ಕೆ ತಂದುದರಿಂದ ಕಥೆ ನಮ್ಮ ವಾಚಕರಿಗೆ ಹೊಸತಲ್ಲ. ಮಾಟಗಾತಿಯೊಬ್ಬಳು ಏರಿಯಲ್ಲನನ್ನು ಸೀಳಿದ ಪೈನ್ ಮರದೊಳಗೆ ಹನ್ನೆರಡು ವರ್ಷ ಸೆರೆಯಿಟ್ಟಿದ್ದಳು. ಬಿಡಿಸಿದ ಮಾಂತ್ರಿಕನು ತನ್ನ ಊಳಿಗಕ್ಕೆ ಹಚ್ಚಿಕೊಂಡನು. ಕಡೆಗೆ ಬಿಡುಗಡೆ ಕೊಟ್ಟನು. ಗಾಜಿನ ಏರಿಯಲ್ಲನಿಗೆ ಆ ಕಡೆಯ ಅಂಕವಿಲ್ಲ. ಪಾತ್ರೆ ಒಡೆದರಷ್ಟೇ ಬಿಡುಗಡೆ. ವೇದಾಂತಿಗಳು ಹೇಳುವ ಘಟಾಕಾಶವೂ ಹೀಗೆಯೇ ಅಲ್ಲವೆ? ಗಡಿಗೆಯೊಳಗಿನ ಬಯಲು ಗಡಿಗೆ ಒಡೆದಾಗ ಹೊರಗಿನ ಬಯಲಿನಲ್ಲಿ ಸೇರುತ್ತದೆ. ಆದರೆ ಸಂಗ್ರಾಹಕನ ಕಪಾಟಿನ ಮುಂದೆ ಈ ಉಪಮಾನವನ್ನು ಗಟ್ಟಿಯಾಗಿ ಹೇಳದಿರುವುದು ಲೇಸು.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಊದುಗಾರನು ಕತ್ತೆಯಂತೆ ಅನ್ಯಥಾಸಿದ್ಧನೆನ್ನಲು, ಅವನ ಬದಲು ಯಾರಿದ್ದರೂ ಪಾತ್ರೆ ಆಗುತ್ತಿತ್ತೆಂದು ತೋರಿಸಬೇಕು. ಏರಿಯಲ್ಲಿನ ಕೆಲಸವನ್ನು ನೋಡಿದರೆ ಹಾಗೆ ತೋರಿಸಲಾಗದು. ಹೊದಿಸುವ ಪಾಕ ಹೆಚ್ಚು ಕಾದಿದ್ದರೆ ಅದು ಕಾಲುವೆಗಳೊಳಕ್ಕೆ ಇಳಿದು ತುಂಬಿಬಿಡುತ್ತದೆ, ಚಿತ್ರ ಮುಳುಗುತ್ತದೆ. ಆರಿದ್ದರೆ ಒಳಗಾಜಿಗೆ ಕೂಡುವುದೇ ಇಲ್ಲ. ತೋಡಿದ ಬುಡ್ಡಿಯು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಮರಳಿ ಕಾಯಿಸುವಾಗ ಅವಸರ ಮಾಡಿದರೆ ಸಿಡಿಯುತ್ತದೆ. ಆ ಹದವನ್ನು ಕಾಗದದಲ್ಲಿ ಬರೆದುಕೊಡುವ ಚಿತ್ರಗಾರನು ಇನ್ನೂ ಹುಟ್ಟಿಲ್ಲ. ಅದು ಪಾಕದ ಬಣ್ಣವನ್ನು ನೋಡಿಯೂ ಗೊಳವೆಯ ಭಾರವನ್ನು ಕೈಯಲ್ಲಿ ತೂಗಿಯೂ ತಿಳಿಯತಕ್ಕದ್ದು. ಇನ್ನೊಂದು ಪಕ್ಷವನ್ನೂ ಮರೆಯಬಾರದು. ಲಿಂಡ್‌ಸ್ಟ್ರಾಂಡನಂಥವನು ಬಾರದಿದ್ದರೆ ಅದೇ ಬೆರ್ಗ್‌ಕ್ವಿಸ್ಟನು ಅದೇ ಹದದಿಂದ ವರ್ಷಕ್ಕೆ ಸಾವಿರಾರು ಲೋಟಗಳನ್ನು ಊದಿಟ್ಟು ಹೋಗುತ್ತಿದ್ದನು. ಒಳ್ಳೆಯ ಲೋಟಗಳೇ, ಆದರೆ ಅವು ಲೋಟಗಳು. ಕಂಡವನಿಗೂ ಮಾಡಿದವನಿಗೂ ಒಂದೇ ಪಾತ್ರೆಯಲ್ಲಿ ಸಮಪಾಲು ಎಂದರೆ ಬುಡದಲ್ಲಿ ಜಾಗವಿಲ್ಲವೆ? ಜಾಗ ಬೇಕಾದಷ್ಟಿದೆ. ಕೊರೆದವನ ಗುರುತನ್ನೂ ವರ್ಷದ ಗುರುತನ್ನೂ ಹಾಕಲು ಸಿಕ್ಕಿದ ಜಾಗ ಊದಿದವನಿಗೆ ಸಿಗಲಿಲ್ಲ.

ಕಾರ್ಖಾನೆಯ ದೃಷ್ಟಿಯಿಂದಲಾದರೋ ಚಿತ್ರಗಾರನ ಗತಿಯೂ ಬಹಳ ಬೇರೆಯಲ್ಲ. ಯುದ್ಧದ ಆರಂಭದಲ್ಲಿ, ೧೯೪೦ರಲ್ಲಿ, ಲಿಂಡ್‌ಸ್ಟ್ರಾಂಡ್ ಒರ್ರೆಫೋರ್ಸನ್ನು ಬಿಟ್ಟನು. ಏರಿಯಲ್ ನಿಲ್ಲಲಿಲ್ಲ, ಓರ್‌ಸ್ಟ್ರಮ್ ಅದನ್ನು ಮುಂದುವರಿಸಿದನು, ಅನಂತರ ಇಂಗೆಬೋರ್ಗ್ ಲುಂಡಿನ್ ಎಂಬ ಕಲಾವಿದೆಯೂ ಅದರಲ್ಲಿ ಕೆಲಸ ಮಾಡಿದಳು. ಹುಟ್ಟಿಸಿದವನು ಹೊರಗೆ, ಹುಟ್ಟಿದ್ದು ಮನೆಯ ಆಸ್ತಿ. ೧೯೪೨ರಿಂದ ೧೯೫೦ರ ತನಕ ಲಿಂಡ್‌ಸ್ಟ್ರಾಂಡ್ ಉಪ್ಸಾಲಾ-ಏಕೆಬ್ಯು ಎಂಬ ಕಡೆ ಮಣ್ಣಿನ ಪಾತ್ರೆಗಳ ಕಾರ್ಖಾನೆಯಲ್ಲಿದ್ದನು. ತಾರ್ಕಿಕರ ಗಡಿಗೆಯ ಸಹವಾಸ ಅವನಿಗೂ ಎಂಟು ವರ್ಷ ತಪ್ಪಲಿಲ್ಲ!

೧೯೫೦ರಲ್ಲಿ ಕೋಸ್ತಾ ಅವನನ್ನು ಕರೆಯಿತು; ೧೯೭೩ರವರೆಗೂ ಅಲ್ಲಿಯೇ ಇದ್ದನು. ಸಂಗ್ರಾಹಕರು ಈಗ ಹುಡುಕಿಕೊಂಡು ಹೋಗುವುದು ಬಹುಪಾಲು ಈ ಕಾಲದ ಪಾತ್ರೆಗಳನ್ನು. ಅವುಗಳಲ್ಲಿ 'ಮಂಜಿನಲ್ಲಿ ಮರಗಳು' ಎಂಬ ಹೂದಾನಿಯೊಂದಿದೆ. ಎತ್ತರವಾದ ಗಾಜು, ಒಳಗೆ ಹಾಲಿನ ಮಬ್ಬು, ಆ ಮಬ್ಬಿನಲ್ಲಿ ಎಲೆಯುದುರಿದ ಕಪ್ಪು ಕಾಂಡಗಳು ನೆಟ್ಟಗೆ ನಿಂತಿವೆ. ಪಾತ್ರೆಯನ್ನು ಮೆಲ್ಲಗೆ ತಿರುಗಿಸಿದರೆ ಹಿಂದಿನ ಮರ ಮುಂದಿನ ಮರದ ಮರೆಗೆ ಸರಿಯುತ್ತದೆ. ನೂರಾರು ವರ್ಷ ಆ ಸೀಮೆಯವರು ಕಡಿದು ಕುಲುಮೆಗೆ ಹಾಕಿದ ಕಾಡು ಗಾಜಿನಲ್ಲಿ ಹಿಂತಿರುಗಿ ಬಂದಂತಿದೆ. ಲಿಂಡ್‌ಸ್ಟ್ರಾಂಡನ ಕೃತಿಗಳಲ್ಲೆಲ್ಲ ಇದಕ್ಕೇ ಮೊದಲ ಸ್ಥಾನ ಕೊಡಬೇಕೆಂದು ತೋರುತ್ತದೆ. ಬೆಲೆಯ ಪಟ್ಟಿಗಳು ಏನು ಹೇಳಿದರೂ ಸರಿಯೆ.

ವಯಸ್ಸಾದಂತೆ ಅವನ ಮನಸ್ಸು ದೊಡ್ಡ ಆಕಾರಗಳ ಕಡೆಗೆ ಹೋಯಿತು. ೧೯೬೭ರಲ್ಲಿ ನೋರ್‌ಶೆಪಿಂಗ್ ನಗರದಲ್ಲಿ 'ಪ್ರಿಸ್ಮಾ' ಎಂಬ ಗಾಜಿನ ಸ್ತಂಭ. ೧೯೭೦ರಲ್ಲಿ ಉತ್ತರದ ಉಮೆಓ ನಗರದ ರೈಲುನಿಲ್ದಾಣದ ಎದುರಿಗೆ 'ಹಸುರು ಬೆಂಕಿ' ಎಂಬ ಸುಮಾರು ೯ ಮೀಟರ್ ಎತ್ತರದ ಶಿಲ್ಪ. ಕಿಟಕಿಗೆ ಹಾಕುವಂಥ ಚಪ್ಪಟೆ ಗಾಜಿನ ಹಲಗೆಗಳನ್ನು ಸಾವಿರಾರು ಸಂಖ್ಯೆಯಲ್ಲಿ ಒಂದರ ಮೇಲೊಂದು ಅಂಟಿಸಿ ಮಾಡಿದುದು. ಬಿಸಿಲು ಬಿದ್ದಾಗ ಅಂಚುಗಳೆಲ್ಲ ಹೊತ್ತಿಕೊಂಡಂತೆ ಹೊಳೆಯುತ್ತವೆ, ಹೆಸರು ಸಾರ್ಥಕವೇ. ಆದರೆ ಇಲ್ಲಿ ಊದುಗಾರನೇ ಇಲ್ಲ. ಉಸಿರಿಲ್ಲದ ಗಾಜು. ನಾಲ್ವತ್ತು ವರ್ಷ ಪರರ ಉಸಿರಿನಲ್ಲಿ ಚಿತ್ರ ಬರೆದವನು ಕಡೆಗೆ ಅದರ ಹಂಗನ್ನು ಬಿಡಬೇಕೆಂದುಕೊಂಡನೊ, ಅಥವಾ ಒಬ್ಬ ಮನುಷ್ಯನ ಉಸಿರಿಗೆ ಅಳವಲ್ಲದ ಗಾತ್ರವನ್ನು ಬಯಸಿದನೊ, ಹೇಳುವುದು ಕಷ್ಟ. ಆ ಶಿಲ್ಪ ಘನವಾಗಿದೆ, ಗಂಭೀರವಾಗಿದೆ. ಆದರೂ ಒಂದು ಕೈಯಳತೆಯ ಮಂಜಿನ ಮರಗಳ ಮುಂದೆ ಅದು ಸ್ವಲ್ಪ ಮೂಕವಾಗಿ ಕಾಣುತ್ತದೆ. ಲಿಂಡ್‌ಸ್ಟ್ರಾಂಡ್ ೧೯೮೩ರಲ್ಲಿ ತೀರಿಕೊಂಡನು.

ಏರಿಯಲ್ ಪಾತ್ರೆಗಳಲ್ಲಿ ಊದುಗಾರನ ಉಸಿರು ಇಂದಿಗೂ ಸೆರೆಯಾಗಿ ನಿಂತಿದೆಯೆಂದು ಹೇಳುವುದುಂಟು. ಕೇಳಲು ಇಂಪಾದ ಮಾತು, ಆದರೆ ನಿಜವಲ್ಲ. ಊದುಗಾರನ ಉಸಿರು ನಿಂತಿದ್ದುದು ಪಾತ್ರೆಯ ಹೊಟ್ಟೆಯಲ್ಲಿ. ಗೊಳವೆಯಿಂದ ಬಿಡಿಸಿ ಬಾಯಿ ತೆರೆದೊಡನೆ ಅದು ಹೊರಟುಹೋಯಿತು. ಗಾಜಿನ ಪದರಗಳ ನಡುವೆ ಸಿಕ್ಕಿಬಿದ್ದುದು ಬುಡ್ಡಿಯ ಕಾಲುವೆಗಳಲ್ಲಿ ಆಗ ಇದ್ದ ಗಾಳಿ, ಎಂದರೆ ಹ್ಯುತ್ತಾದ ಗಾಳಿ. ಚಿತ್ರ ಬರೆದವನದೂ ಅಲ್ಲ, ಊದಿದವನದೂ ಅಲ್ಲ. ಬಾಗಿಲು ತೆರೆದವನು, ಗೂಡಿಗೆ ಹೊತ್ತ ಹುಡುಗ, ಹಿಂದಿನ ರಾತ್ರಿ ಕುಲುಮೆಯ ಬಳಿ ಮೀನು ತಿಂದು ಕಥೆ ಹೇಳಿ ಮಲಗೆದ್ದ ಅಲೆಮಾರಿ, ಎಲ್ಲರೂ ಉಸಿರಾಡಿದ ಗಾಳಿ.

೨೦೧೩ರಲ್ಲಿ ಒರ್ರೆಫೋರ್ಸ್ ಊರಿನಲ್ಲಿ ಗಾಜು ಮಾಡುವುದನ್ನು ನಿಲ್ಲಿಸಿದರು. ಹೆಸರನ್ನು ಉಳಿಸಿಕೊಂಡು ಸಾಮಾನನ್ನು ಬೇರೆ ಕಡೆ ಮಾಡಿಸುತ್ತಾರೆ. ಕೋಸ್ತಾದ ಕುಲುಮೆ ಇನ್ನೂ ಉರಿಯುತ್ತಿದೆ, ಹ್ಯುತ್ಸಿಲ್ ಊಟವನ್ನು ಆ ಸೀಮೆಯಲ್ಲಿ ಈಗ ಪ್ರವಾಸಿಗಳಿಗೆ ಬಡಿಸುತ್ತಾರೆ. ಆರಿದ ಆ ಹ್ಯುತ್ತಾದ ೧೯೩೭ರ ಗಾಳಿಯಲ್ಲಿ ಅಲ್ಪಸ್ವಲ್ಪವು ಮಾತ್ರ ಲೋಕದ ಕೆಲವು ವಸ್ತುಸಂಗ್ರಹಾಲಯಗಳಲ್ಲಿಯೂ ಶ್ರೀಮಂತರ ಕಪಾಟುಗಳಲ್ಲಿಯೂ, ಬೆಳ್ಳಿಯ ಬಣ್ಣದ ಮೀನಾಗಿ, ಹೆಂಗಸಿನ ಮುಖವಾಗಿ ಉಳಿದಿದೆ.